ಮುಗಿಯದ ವಾಕ್ಯದ ಒಡೆತನ

ನ್ಯಾಯಾಲಯವನ್ನು ರಂಗಸ್ಥಳವಾಗಿ ಮಾಡಿಕೊಂಡ ದೂರದರ್ಶನ ಧಾರಾವಾಹಿಗಳನ್ನು ಗಂಭೀರ ವಿಮರ್ಶೆಗೆ ಅರ್ಹವೆಂದು ಎಣಿಸುವ ರೂಢಿ ನಮ್ಮಲ್ಲಿ ಇಲ್ಲ. ವಕೀಲರ ವಾಕ್ಚಾತುರ್ಯ, ಕೊನೆಯ ಗಳಿಗೆಯಲ್ಲಿ ದೊರೆಯುವ ಸಾಕ್ಷಿ, ನಡುನಡುವೆ ಒಂದು ಪ್ರೇಮಪ್ರಸಂಗ, ಇಷ್ಟೇ ಅವುಗಳ ಬಂಡವಾಳವೆಂಬುದು ಸಾಮಾನ್ಯ ತಿಳಿವಳಿಕೆ. ಈ ತಿಳಿವಳಿಕೆ ಬಹುಮಟ್ಟಿಗೆ ಸರಿಯೂ ಆಗಿದೆ. ಆದರೆ ನ್ಯಾಯಾಲಯದ ಕಥೆಯಲ್ಲಿ ಬೇರೆ ಕಥೆಗಳಿಗಿಲ್ಲದ ಒಂದು ಅನುಕೂಲವಿದೆ. ಯಾವುದು ನಿಜ, ಅದು ನಿಜವೆಂದು ನಮಗೆ ಹೇಗೆ ಗೊತ್ತು, ಗೊತ್ತಿಲ್ಲದಾಗ ನಾವು ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ಅದು ಕೇಳಲೇಬೇಕಾಗುತ್ತದೆ. ಈ ಪ್ರಶ್ನೆಗಳು ವಕೀಲರಿಗೆ ಮಾತ್ರ ಸಂಬಂಧಿಸಿದವಲ್ಲ. ನೀತಿವಿಚಾರದ ಮೊದಲ ಪ್ರಶ್ನೆಗಳೂ ಇವೇ ಆಗಿವೆ.

ಈ ದೃಷ್ಟಿಯಿಂದ ಅಮೆರಿಕದ ‘ದಿ ಗುಡ್ ವೈಫ್’ ಎಂಬ ಧಾರಾವಾಹಿಯ ಒಂದು ಕಂತನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ರಾಬರ್ಟ್ ಕಿಂಗ್ ಮತ್ತು ಮಿಶೆಲ್ ಕಿಂಗ್ ದಂಪತಿಗಳು ನಿರ್ಮಿಸಿದ ಈ ಧಾರಾವಾಹಿ ಸಿಬಿಎಸ್ ವಾಹಿನಿಯಲ್ಲಿ 2009ರ ಸೆಪ್ಟೆಂಬರ್ 22ರಿಂದ 2016ರ ಮೇ 8ರವರೆಗೆ ಏಳು ಆವೃತ್ತಿಗಳಲ್ಲಿ, ಒಟ್ಟು 156 ಕಂತುಗಳಾಗಿ ಪ್ರಸಾರವಾಯಿತು. ಇದರ ಹಿಂದಿ ರೂಪಾಂತರವೊಂದು ‘ದಿ ಟ್ರಯಲ್’ ಎಂಬ ಹೆಸರಿನಲ್ಲಿ, ಕಾಜೋಲ್ ಅವರ ಮುಖ್ಯ ಪಾತ್ರದೊಡನೆ, 2023ರಲ್ಲಿ ಬಂದುದರಿಂದ ಕಥೆಯ ಹೊರರೇಖೆ ನಮ್ಮ ಕೆಲವು ಓದುಗರಿಗೆ ಪರಿಚಿತವಾಗಿರಬಹುದು. ನಾನು ಇಲ್ಲಿ ಎತ್ತಿಕೊಂಡಿರುವುದು ಮೂಲ ಧಾರಾವಾಹಿಯ ಐದನೆಯ ಆವೃತ್ತಿಯ ಹದಿನಾರನೆಯ ಕಂತು. 2014ರ ಮಾರ್ಚ್ 30ರಂದು ಪ್ರಸಾರವಾದ ಇದರ ಹೆಸರು ‘ದಿ ಲಾಸ್ಟ್ ಕಾಲ್’, ಎಂದರೆ ಕೊನೆಯ ಕರೆ.

ಕಂತಿನ ಒಳಹೊಗುವ ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ತಿಳಿಸುವುದು ಅಗತ್ಯ. ಕಥೆ ನಡೆಯುವುದು ಷಿಕಾಗೋ ನಗರದಲ್ಲಿ. ನಾಯಕಿ ಅಲಿಶಿಯಾ ಫ್ಲಾರಿಕ್ ನ್ಯಾಯಶಾಸ್ತ್ರ ಓದಿ, ಮದುವೆಯಾಗಿ, ಹದಿಮೂರು ವರ್ಷ ವೃತ್ತಿಯನ್ನು ಬಿಟ್ಟು ಮನೆಯಲ್ಲಿದ್ದವಳು. ಜಿಲ್ಲೆಯ ಮುಖ್ಯ ಸರಕಾರಿ ಅಭಿಯೋಜಕನಾಗಿದ್ದ ಆಕೆಯ ಗಂಡ ಪೀಟರ್ ಹಗರಣವೊಂದರಲ್ಲಿ ಸಿಕ್ಕಿ ಸೆರೆಮನೆಗೆ ಹೋದಾಗ ಮಕ್ಕಳಿಬ್ಬರನ್ನು ಸಾಕುವ ಹೊಣೆ ಆಕೆಯ ಮೇಲೆ ಬೀಳುತ್ತದೆ. ಆಗ ಆಕೆಗೆ ಕೆಲಸ ಕೊಟ್ಟವನು ವಿಲ್ ಗಾರ್ಡ್‌ನರ್, ಓದುವ ದಿನಗಳ ಗೆಳೆಯ, ಈಗ ದೊಡ್ಡದೊಂದು ವಕೀಲಸಂಸ್ಥೆಯ ಪಾಲುದಾರ. ಹಳೆಯ ಗೆಳೆತನ ಮೆಲ್ಲಮೆಲ್ಲನೆ ಪ್ರೇಮವಾಗುತ್ತದೆ. ಆ ಪ್ರೇಮ ಕೆಲವು ಕಾಲ ಗುಟ್ಟಾಗಿ ನಡೆದು, ಮಕ್ಕಳ ಮುಖ ನೋಡಿ ಅಲಿಶಿಯಾ ಅದನ್ನು ನಿಲ್ಲಿಸುತ್ತಾಳೆ. ನಿಂತಿತೆಂದು ಇಬ್ಬರೂ ಹೇಳಿಕೊಳ್ಳುತ್ತಾರೆ. ನಿಂತಿಲ್ಲವೆಂಬುದು ನೋಡುವವರೆಲ್ಲರಿಗೂ ತಿಳಿಯುತ್ತದೆ.

ವಿವಾಹಿತೆಯೊಬ್ಬಳ ಈ ಸಂಬಂಧವನ್ನು ಸಮರ್ಥಿಸುವುದು ನನ್ನ ಕೆಲಸವಲ್ಲ. ಕೃತಿಯೂ ಅದನ್ನು ಸಮರ್ಥಿಸಲು ಹೆಣಗುವುದಿಲ್ಲ. ಗಮನಿಸಬೇಕಾದುದು ಬೇರೆ. ನ್ಯಾಯಾಲಯದ ಧಾರಾವಾಹಿಗಳಲ್ಲಿ ಪ್ರೇಮಪ್ರಸಂಗವು ಸಾಮಾನ್ಯವಾಗಿ ಊಟದ ಕೊನೆಯ ಸಿಹಿಯಂತೆ ಬರುತ್ತದೆ; ಮೊಕದ್ದಮೆಗೂ ಅದಕ್ಕೂ ಒಳಸಂಬಂಧ ಇರುವುದಿಲ್ಲ. ಇಲ್ಲಿ ಹಾಗಲ್ಲ. ಈ ಇಬ್ಬರ ಪ್ರೀತಿ, ಹಗೆ ಎರಡೂ ವೃತ್ತಿಯ ಮೂಲಕವೇ ಹರಿಯುತ್ತವೆ. 2013ರ ಅಕ್ಟೋಬರ್ 27ರಂದು ಪ್ರಸಾರವಾದ ‘ಹಿಟ್ಟಿಂಗ್ ದಿ ಫ್ಯಾನ್’ ಎಂಬ ಕಂತಿನಲ್ಲಿ ಅಲಿಶಿಯಾ ತನ್ನ ಸಹೋದ್ಯೋಗಿ ಕೇರಿ ಏಗೋಸನೊಡನೆ ಸೇರಿ ಬೇರೆ ಸಂಸ್ಥೆ ಕಟ್ಟಲು ಗುಟ್ಟಾಗಿ ಸಿದ್ಧಳಾಗಿದ್ದಾಳೆಂಬುದು ವಿಲ್‌ಗೆ ತಿಳಿಯುತ್ತದೆ. ಅವನು ಆಕೆಯ ಕೋಣೆಗೆ ನುಗ್ಗಿ ಮೇಜಿನ ಮೇಲಿನ ಕಾಗದಪತ್ರಗಳನ್ನೆಲ್ಲ ಕೈಯಿಂದ ಬಾಚಿ ನೆಲಕ್ಕೆ ಚೆಲ್ಲುತ್ತಾನೆ. ಯಾರಿಗೂ ಬೇಡವಾದಾಗ ನಾನು ನಿನ್ನನ್ನು ಸೇರಿಸಿಕೊಂಡೆ ಎಂಬುದು ಅವನ ನೋವು. ನಿನ್ನ ಹತ್ತಿರ ಇರಲಾರೆನೆಂದೇ ದೂರ ಹೋಗುತ್ತಿದ್ದೇನೆ ಎಂಬುದು ಆಕೆ ಬಾಯಿಬಿಟ್ಟು ಹೇಳದ ಸತ್ಯ. ಅಲ್ಲಿಂದ ಮುಂದಿನ ಕಂತುಗಳಲ್ಲಿ ಅವರು ಕಕ್ಷಿದಾರರಿಗಾಗಿ ಕಚ್ಚಾಡುತ್ತಾರೆ, ಎದುರುಬದುರಾಗಿ ವಾದಿಸುತ್ತಾರೆ, ಒಬ್ಬರ ದುರ್ಬಲಸ್ಥಾನಗಳನ್ನು ಇನ್ನೊಬ್ಬರು ಬಲ್ಲವರಾದುದರಿಂದಲೇ ಹೆಚ್ಚು ಕ್ರೂರವಾಗಿ ಹೊಡೆಯುತ್ತಾರೆ.

ಹೀಗಿರುವಾಗ 2014ರ ಮಾರ್ಚ್ 23ರ ಕಂತಿನಲ್ಲಿ ವಿಲ್ ಸಾಯುತ್ತಾನೆ. ಒಬ್ಬ ಯುವತಿಯ ಕೊಲೆಯ ಆರೋಪ ಹೊತ್ತ ಜೆಫ್ರಿ ಗ್ರಾಂಟ್ ಎಂಬ ಎಳೆಯ ವಿದ್ಯಾರ್ಥಿಯ ಪರವಾಗಿ ಅವನು ವಾದಿಸುತ್ತಿರುತ್ತಾನೆ. ಸೆರೆಮನೆಯ ಹಿಂಸೆಯಿಂದ ಮನಸ್ಸು ಕುಸಿದ ಆ ಹುಡುಗ ತುಂಬಿದ ನ್ಯಾಯಾಲಯದಲ್ಲಿ ಪಹರೆಯವನ ಪಿಸ್ತೂಲನ್ನು ಕಸಿದುಕೊಂಡು ಕಂಡಂತೆ ಗುಂಡು ಹಾರಿಸುತ್ತಾನೆ. ಇದು ಅತಿರೇಕದ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. 2005ರ ಮಾರ್ಚ್ 11ರಂದು ಅಟ್ಲಾಂಟಾ ನಗರದ ಫುಲ್ಟನ್ ಕೌಂಟಿ ನ್ಯಾಯಾಲಯದಲ್ಲಿ ವಿಚಾರಣೆಗೆ ತಂದಿದ್ದ ಕೈದಿಯೊಬ್ಬ ಪಹರೆಯವರ ಆಯುಧವನ್ನು ಕಸಿದುಕೊಂಡು ನ್ಯಾಯಾಧೀಶರನ್ನೂ, ನಡವಳಿ ಬರೆಯುತ್ತಿದ್ದ ನೌಕರಳನ್ನೂ ಕೊಂದು, ತಪ್ಪಿಸಿಕೊಂಡು ಹೋಗುವಾಗ ಇನ್ನಿಬ್ಬರ ಪ್ರಾಣ ತೆಗೆದ ಘಟನೆ ಆ ದೇಶದ ಇತಿಹಾಸದಲ್ಲಿದೆ. ಹಾಗೆಯೇ ವಿಲ್‌ನ ಸಾವಿಗೆ ಕಥೆಯ ಹೊರಗಿನ ಕಾರಣವೂ ಒಂದುಂಟು. ಆ ಪಾತ್ರ ವಹಿಸಿದ್ದ ಜಾಶ್ ಚಾರ್ಲ್ಸ್ ಧಾರಾವಾಹಿಯನ್ನು ಬಿಡಲು ನಿರ್ಧರಿಸಿದ್ದರು. ನಿರ್ಮಾಪಕರು ಪ್ರಸಾರದ ನಂತರ ಪ್ರೇಕ್ಷಕರಿಗೆ ಬಹಿರಂಗ ಪತ್ರ ಬರೆದು ತಮ್ಮ ಆಯ್ಕೆಯನ್ನು ವಿವರಿಸಿದರು. ನಟನೊಬ್ಬನ ನಿರ್ಗಮನಕ್ಕೆ ವರ್ಗಾವಣೆ, ವಿದೇಶಯಾತ್ರೆ ಮುಂತಾದ ಸುಲಭೋಪಾಯಗಳು ಇದ್ದೇ ಇದ್ದವು. ಅವನ್ನು ಬಿಟ್ಟು ಸಾವನ್ನು ಆರಿಸಿಕೊಂಡ ಮೇಲೆ, ಆ ಸಾವಿಗೆ ಅವರು ಯಾವ ಅರ್ಥ ಕೊಟ್ಟರು ಎಂಬುದೇ ನಮ್ಮ ಪ್ರಶ್ನೆ.

ಉತ್ತರ ದೊರೆಯುವುದು ಮುಂದಿನ ವಾರದ ಕಂತಿನಲ್ಲಿ. ಗಂಡ ಪೀಟರ್ ಈಗ ರಾಜ್ಯದ ಗವರ್ನರ್. ಔತಣಕೂಟವೊಂದರಲ್ಲಿ ಅಲಿಶಿಯಾ ಇರುವಾಗ ಕಲಿಂದಾ ಶರ್ಮಾ ದೂರವಾಣಿಯ ಮೂಲಕ ಸುದ್ದಿ ತಿಳಿಸುತ್ತಾಳೆ. ಬಳಿಕ ಅಲಿಶಿಯಾ ತನ್ನ ದೂರವಾಣಿಯಲ್ಲಿ ತಾನು ಗಮನಿಸದೆ ಇದ್ದ ಒಂದು ಕರೆಯನ್ನು ಕಾಣುತ್ತಾಳೆ. ಸಾಯುವ ಸ್ವಲ್ಪ ಮೊದಲು ವಿಲ್ ಆಕೆಯನ್ನು ಕರೆದಿದ್ದಾನೆ. ಧ್ವನಿಸಂದೇಶ ಉಳಿದಿದೆ. ಅದರಲ್ಲಿರುವುದು ಆಕೆಯ ಹೆಸರು, ಮಾತಿನ ಒಂದು ಆರಂಭ, ಅಷ್ಟರಲ್ಲಿ ನ್ಯಾಯಾಧೀಶರು ಕರೆದುದಕ್ಕೆ ಅವನು ಕೊಟ್ಟ ವಿನಯದ ಉತ್ತರ, ಮತ್ತೆ ಕರೆಯುತ್ತೇನೆಂಬ ಭರವಸೆ. ಇಷ್ಟೇ. ಐದು ತಿಂಗಳ ಹಗೆಯ ನಂತರ ಅವನು ಏನು ಹೇಳಹೊರಟಿದ್ದ? ಕಂತಿನ ಉದ್ದಕ್ಕೂ ಇರುವುದು ಈ ಒಂದೇ ಪ್ರಶ್ನೆ.

ಅಲಿಶಿಯಾ ಅಳುತ್ತ ಕೂಡುವುದಿಲ್ಲ. ಆಕೆ ವಕೀಲೆ, ದುಃಖದಲ್ಲೂ ಆಕೆಗೆ ತಿಳಿದಿರುವ ದಾರಿ ಅದೊಂದೇ. ಕರೆ ಬಂದ ಹೊತ್ತನ್ನು ನೋಡುತ್ತಾಳೆ. ಆ ಹೊತ್ತಿನಲ್ಲಿ ಅವನ ಬಳಿ ಯಾರಿದ್ದರೆಂದು ವಿಚಾರಿಸುತ್ತಾಳೆ. ಅಲ್ಲಿದ್ದವರಿಂದ ಅವನ ಕೊನೆಯ ಹೊತ್ತಿನ ಚಿತ್ರವನ್ನು ಚೂರುಚೂರಾಗಿ ಕೂಡಿಸುತ್ತಾಳೆ. ಆಸ್ಪತ್ರೆಯಲ್ಲಿ ಗಾಯಗೊಂಡು ಮಲಗಿರುವ ಫಿನ್ ಪೋಲ್ಮಾರನನ್ನು ಕಾಣಲು ಹೋಗುತ್ತಾಳೆ. ಆ ಮೊಕದ್ದಮೆಯಲ್ಲಿ ವಿಲ್‌ಗೆ ಎದುರಾಳಿಯಾಗಿದ್ದ ಸರಕಾರಿ ವಕೀಲ ಅವನು. ಗುಂಡುಗಳ ನಡುವೆ ವಿಲ್‌ನನ್ನು ಉಳಿಸಲು ತನ್ನ ಜೀವವನ್ನು ಒತ್ತೆಯಿಟ್ಟವನೂ ಅವನೇ. ಪ್ರತಿಯೊಬ್ಬರಿಂದ ಒಂದು ತುಣುಕು ಸಿಗುತ್ತದೆ. ಪ್ರತಿ ತುಣುಕಿಗೂ ಆಕೆಯ ಮನಸ್ಸು ಆ ಮುರಿದ ವಾಕ್ಯಕ್ಕೆ ಒಂದೊಂದು ಮುಕ್ತಾಯವನ್ನು ಹೊಂದಿಸಿ ನೋಡುತ್ತದೆ. ಪರದೆಯ ಮೇಲೆ ನಾವು ವಿಲ್ ಮತ್ತೆ ಮತ್ತೆ ಆ ಕರೆಯನ್ನು ಮಾಡುವುದನ್ನು ಕಾಣುತ್ತೇವೆ. ಒಮ್ಮೆ ಅವನ ದನಿಯಲ್ಲಿ ಕೋಪವಿದೆ. ಕೊನೆಗೆ ಕ್ಷಮೆ ಕೇಳುವ, ಪ್ರೀತಿಯನ್ನು ಒಪ್ಪಿಕೊಳ್ಳುವ ದನಿಯಿದೆ. ಆರಂಭ ಒಂದೇ, ಅಡ್ಡಿಯೂ ಒಂದೇ, ನಡುವಿನ ಮಾತು ಮಾತ್ರ ಬದಲಾಗುತ್ತದೆ. ಜೂಲಿಯಾನಾ ಮಾರ್ಗುಲೀಸ್ ಈ ಹುಡುಕಾಟವನ್ನು ಬಹು ಸಂಯಮದಿಂದ ಅಭಿನಯಿಸಿದ್ದಾರೆ. ಪ್ರಶ್ನೆ ಕೇಳುವಾಗ ಆಕೆಯ ಮುಖ ವಕೀಲೆಯದು, ಉತ್ತರ ಕೇಳುವಾಗ ಮಾತ್ರ ಬೇರೊಬ್ಬಳದು.

ಇಲ್ಲಿ ಕಾನೂನಿನ ಒಂದು ತತ್ತ್ವವನ್ನು ನೆನೆಯುವುದು ಉಚಿತ. ಒಬ್ಬನು ಹೇಳಿದ್ದನ್ನು ಇನ್ನೊಬ್ಬನು ಬಂದು ನ್ಯಾಯಾಲಯದಲ್ಲಿ ಹೇಳಿದರೆ ಅದನ್ನು ಸಾಮಾನ್ಯವಾಗಿ ಸಾಕ್ಷ್ಯವೆಂದು ಒಪ್ಪುವುದಿಲ್ಲ. ಮೂಲ ಮಾತುಗಾರನನ್ನು ಪಾಟೀಸವಾಲಿಗೆ ಒಳಪಡಿಸಲಾಗದು ಎಂಬುದೇ ಕಾರಣ. ಈ ನಿಯಮಕ್ಕೆ ಪ್ರಸಿದ್ಧ ಅಪವಾದವೆಂದರೆ ಮರಣಪೂರ್ವ ಹೇಳಿಕೆ. ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮಗಳ ಪ್ರಕಾರ, ತನ್ನ ಸಾವು ಸಮೀಪಿಸಿದೆಯೆಂದು ನಂಬಿದ ವ್ಯಕ್ತಿ ಆ ಸಾವಿನ ಕಾರಣವನ್ನೋ ಸನ್ನಿವೇಶವನ್ನೋ ಕುರಿತು ಆಡಿದ ಮಾತಿಗೆ ಮಾತ್ರ ಈ ಅಪವಾದ ಅನ್ವಯಿಸುತ್ತದೆ. ನಮ್ಮ ದೇಶದ ಕಾನೂನು ಇನ್ನೂ ಉದಾರವಾದುದು. 1872ರ ಸಾಕ್ಷ್ಯ ಅಧಿನಿಯಮದ 32ನೆಯ ಪ್ರಕರಣವೂ, 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೆಯ ಪ್ರಕರಣವೂ ಹೇಳಿದವನಿಗೆ ಸಾವಿನ ನಿರೀಕ್ಷೆ ಇದ್ದಿರಲೇಬೇಕೆಂದು ವಿಧಿಸುವುದಿಲ್ಲ. ಎರಡೂ ಪದ್ಧತಿಗಳ ಹಿಂದಿರುವ ಭಾವನೆ ಮಾತ್ರ ಒಂದೇ: ಸತ್ತವನು ಮತ್ತೆ ಬಂದು ಹೇಳಲಾರನು, ಆದ್ದರಿಂದ ಅವನು ಹೇಳಿಹೋದ ಮಾತಿಗೆ ಗೌರವ ಸಲ್ಲಬೇಕು.

ಆದರೆ ಆ ಮಾತು ಮುಗಿದಿರದಿದ್ದರೆ? 1950ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇತ್ಯರ್ಥಪಡಿಸಿದ ಸಿರಿಲ್ ವಾ ಎಂಬವನ ಮೊಕದ್ದಮೆ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಜಮೈಕಾದಿಂದ ಬಂದ ಮೇಲ್ಮನವಿ ಅದು. ಗುಂಡೇಟು ತಿಂದು ಸಾಯುತ್ತಿದ್ದ ವ್ಯಕ್ತಿ ನಡೆದುದನ್ನು ಹೇಳುತ್ತ, ಆರೋಪಿಗೆ ತನ್ನ ಮೇಲೆ ಹಳೆಯ ದ್ವೇಷವಿದೆಯೆಂದು ಹೇಳಿ, ಅದರ ಕಾರಣವನ್ನು ತಿಳಿಸಲು ಬಾಯಿತೆರೆದವನು ಅಲ್ಲಿಗೇ ಪ್ರಜ್ಞೆ ತಪ್ಪಿದ, ಮತ್ತೆ ಎಚ್ಚರಗೊಳ್ಳಲಿಲ್ಲ. ಕೆಳಗಿನ ನ್ಯಾಯಾಲಯ ಆ ಹೇಳಿಕೆಯನ್ನು ಒಪ್ಪಿಕೊಂಡಿತ್ತು. ಪ್ರಿವಿ ಕೌನ್ಸಿಲ್ ಅದನ್ನು ಸಾಕ್ಷ್ಯದಿಂದ ಹೊರಗಿಟ್ಟಿತು. ಮಾತು ಮುಂದುವರಿದಿದ್ದರೆ ಅವನು ಏನನ್ನು ಸೇರಿಸುತ್ತಿದ್ದನೋ ಯಾರೂ ಹೇಳಲಾರರು. ಆ ಸೇರಿಕೆಯಿಂದ ಹಿಂದೆ ಹೇಳಿದ್ದರ ಅರ್ಥವೇ ಬದಲಾಗಬಹುದಿತ್ತು. ಶಿಕ್ಷೆ ರದ್ದಾಯಿತು. ಅಪೂರ್ಣ ಹೇಳಿಕೆ ಅರ್ಧ ಸತ್ಯವೂ ಅಲ್ಲ, ಅದರ ಬೆಲೆಯನ್ನು ಅಳೆಯಲು ನಮ್ಮಲ್ಲಿ ಅಳತೆಗೋಲೇ ಇಲ್ಲವೆಂಬುದು ಆ ತೀರ್ಪಿನ ತಿರುಳು.

ವಿಲ್‌ನ ಧ್ವನಿಸಂದೇಶ ಕಾನೂನಿನ ಅರ್ಥದಲ್ಲಿ ಮರಣಪೂರ್ವ ಹೇಳಿಕೆಯಲ್ಲ. ತಾನು ಸಾಯುವೆನೆಂದು ಅವನಿಗೆ ತಿಳಿದಿರಲಿಲ್ಲ. ಅವನು ಹೇಳಹೊರಟದ್ದು ತನ್ನ ಸಾವಿನ ವಿಷಯವೂ ಆಗಿರಲಿಲ್ಲ. ಆದರೆ ಆ ತೀರ್ಪಿನ ಹಿಂದಿರುವ ವಿವೇಕ ಇಲ್ಲಿಗೂ ಸಲ್ಲುತ್ತದೆ. ಅವನ ಮಾತು ತನ್ನ ಕ್ರಿಯಾಪದವನ್ನು ತಲುಪುವ ಮೊದಲೇ ನಿಂತಿತು. ಅದು ಪ್ರೇಮವಾಗಿರಬಹುದು, ಕಕ್ಷಿದಾರರೊಬ್ಬರ ಕಡತದ ವಿಚಾರವೂ ಆಗಿರಬಹುದು. ವೃತ್ತಿಯಿಂದ ಸಾಕ್ಷ್ಯವನ್ನು ತೂಗಿ ನೋಡಬಲ್ಲ ಅಲಿಶಿಯಾಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಎದುರುಪಕ್ಷದ ವಕೀಲನು ಇಂತಹ ತುಣುಕನ್ನು ಹಿಡಿದು ಬಂದಿದ್ದರೆ ಆಕೆ ಎದ್ದು ನಿಂತು ಆಕ್ಷೇಪಿಸುತ್ತಿದ್ದಳು. ಈಗ ಆಕ್ಷೇಪಿಸಬೇಕಾದವಳೂ ಆಕೆಯೇ, ತೀರ್ಪಿಗಾಗಿ ಹಂಬಲಿಸುವವಳೂ ಆಕೆಯೇ. ಪ್ರೇಮಪ್ರಸಂಗವೂ ನ್ಯಾಯಾಲಯದ ಕಥೆಯೂ ಈ ಒಂದು ಬಿಂದುವಿನಲ್ಲಿ ಕೂಡಿಕೊಳ್ಳುತ್ತವೆ. ಕಂತಿನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ.

ಈ ಮಾತಿಗೆ ಪೋಷಕವಾದ ದೃಶ್ಯವೊಂದಿದೆ. ಅಲಿಶಿಯಾಳ ಮಗಳು ಗ್ರೇಸ್ ದೈವಭಕ್ತೆ, ತಾಯಿ ನಂಬಿಕೆಯಿಲ್ಲದವಳು. ವಿಲ್ ದೇವರ ಬಳಿ ಇದ್ದಾನೆಂಬ ಸಮಾಧಾನವನ್ನು ಮಗಳು ತಾಯಿಯ ಮುಂದಿಡುತ್ತಾಳೆ. ತಾಯಿಗೆ ಅದನ್ನು ಒಪ್ಪಲಾಗುವುದಿಲ್ಲ. ಏನೂ ಇಲ್ಲವೆಂದು ನಂಬುವುದು ಯಾವ ರೀತಿಯಲ್ಲಿ ಮೇಲು ಎಂದು ಮಗಳು ಕೇಳಿದಾಗ, ಮೇಲೆಂದಲ್ಲ, ಅದು ಹೆಚ್ಚು ನಿಜವೆಂದು ಮಾತ್ರ ಎಂಬರ್ಥದ ಉತ್ತರ ತಾಯಿಯಿಂದ ಬರುತ್ತದೆ. ತಾಯಿಯ ಅಭಿಪ್ರಾಯ ಸರಿಯೋ ಮಗಳ ನಂಬಿಕೆ ಸರಿಯೋ ಎಂಬ ಚರ್ಚೆ ಇಲ್ಲಿ ಬೇಡ. ಒಬ್ಬ ವ್ಯಕ್ತಿ ತನ್ನ ಅತ್ಯಂತ ದುರ್ಬಲ ಗಳಿಗೆಯಲ್ಲಿ, ಅಕ್ಕರೆಯಿಂದ ನೀಡಿದ ಸಾಂತ್ವನವನ್ನು, ಅದು ತನಗೆ ನಿಜವೆಂದು ತೋರುವುದಿಲ್ಲವೆಂಬ ಒಂದೇ ಕಾರಣಕ್ಕೆ ಬೇಡವೆನ್ನುತ್ತಾಳೆ. ಇದು ಸಣ್ಣ ಪ್ರಾಮಾಣಿಕತೆಯಲ್ಲ.

ಅದೇ ಅಲಿಶಿಯಾ ಕೊನೆಯಲ್ಲಿ ಆ ಮುರಿದ ವಾಕ್ಯಕ್ಕೆ ಪ್ರೀತಿಯ ಮುಕ್ತಾಯವನ್ನು ಕಲ್ಪಿಸಿಕೊಳ್ಳುತ್ತಾಳೆ. ದೇವರ ವಿಷಯದಲ್ಲಿ ಬೇಡವೆಂದ ಸಾಂತ್ವನವನ್ನು ಪ್ರಿಯನ ವಿಷಯದಲ್ಲಿ ತಾನೇ ತಯಾರಿಸಿಕೊಳ್ಳುತ್ತಾಳೆ. ಇದು ಬರೆದವರ ಅಜಾಗರೂಕತೆಯೋ, ಉದ್ದೇಶಪೂರ್ವಕ ವಿರೋಧವೋ? ಉದ್ದೇಶಪೂರ್ವಕವೆಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ಅವರು ಪೂರ್ಣವಾಗಿ ನಿಭಾಯಿಸಿದ್ದಾರೆಂದು ಹೇಳಲಾರೆ. ಹಲವು ಮುಕ್ತಾಯಗಳನ್ನು ತೋರಿಸುವವರೆಗೆ ಕೃತಿ ಸತ್ಯನಿಷ್ಠವಾಗಿದೆ. ಒಂದಕ್ಕೆ ಎದುರಾಗಿ ಇನ್ನೊಂದು ನಿಂತಿರುವಾಗ ಯಾವುದೂ ಪ್ರಮಾಣವಲ್ಲವೆಂಬುದು ಸ್ಪಷ್ಟವಾಗಿರುತ್ತದೆ. ಸಿಹಿಯಾದುದನ್ನು ಕೊನೆಗಿಟ್ಟಾಗ ಮಾತ್ರ ತಕ್ಕಡಿ ವಾಲುತ್ತದೆ. ಕೊನೆಯದಾಗಿ ಕೇಳಿದ್ದು ಮನಸ್ಸಿನಲ್ಲಿ ನಿಲ್ಲುವುದು ಸಹಜ. ಅನೇಕ ಪ್ರೇಕ್ಷಕರು ಅದನ್ನೇ ವಿಲ್‌ನ ನಿಜವಾದ ಮಾತೆಂದು ತಮ್ಮೊಡನೆ ಒಯ್ದಿರುತ್ತಾರೆ. ತೂಗಿ ನೋಡುವ ಕೆಲಸವನ್ನು ಇಷ್ಟು ಹೊತ್ತು ಕಲಿಸಿದ ಕೃತಿ ಕಡೆಯ ಗಳಿಗೆಯಲ್ಲಿ ತಕ್ಕಡಿಯ ಮೇಲೆ ಬೆರಳಿಟ್ಟಿತು ಎಂದರೆ ತಪ್ಪಾಗಲಾರದು.

ಇಷ್ಟು ಕಠಿಣವಾಗಿ ನುಡಿಯಬೇಕೇ, ದುಃಖಿತೆಯೊಬ್ಬಳ ಕಲ್ಪನೆಯಿಂದ ಯಾರಿಗೇನು ಹಾನಿ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕಲ್ಪನೆಯೆಂದು ಅರಿತು ಕಲ್ಪಿಸಿಕೊಳ್ಳುವುದರಲ್ಲಿ ಹಾನಿಯಿಲ್ಲ. ಮನಸ್ಸು ಗಾಯವನ್ನು ಕಟ್ಟಿಕೊಳ್ಳುವ ಬಟ್ಟೆಯದು. ಅರಿವು ಜಾರಿದಾಗಲೇ ತೊಂದರೆ. ಹೀಗೆ ಹೇಳಿರಬಹುದು ಎಂಬುದು ಹೀಗೆ ಹೇಳುತ್ತಿದ್ದ ಎಂದಾಗಿ, ಕೆಲವು ವರ್ಷಗಳಲ್ಲಿ ಹೀಗೆಯೇ ಹೇಳಿದ ಎಂದು ಬದಲಾಗಲು ಹೆಚ್ಚು ಶ್ರಮ ಬೇಕಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂಬ ವ್ಯಾಖ್ಯೆ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಹಣ, ಹೊಲಗಳ ವಿಷಯದಲ್ಲಿ ಅದನ್ನು ಎಲ್ಲರೂ ಒಪ್ಪುತ್ತೇವೆ. ಸತ್ತವನು ಕೊಡದೆ ಹೋದ ಮಾತನ್ನು ತೆಗೆದುಕೊಳ್ಳುವುದನ್ನೂ ಅದೇ ಸಾಲಿಗೆ ಸೇರಿಸಬೇಕೆಂದು ನನಗೆ ತೋರುತ್ತದೆ. ಜೀವಂತ ವ್ಯಕ್ತಿ ತನ್ನ ಹೆಸರಿನಲ್ಲಿ ಹೇಳಿದ್ದನ್ನು ನಿರಾಕರಿಸಬಲ್ಲ. ಸತ್ತವನಿಗೆ ಆ ರಕ್ಷಣೆ ಇಲ್ಲ. ಆದ್ದರಿಂದಲೇ ಅವನ ಅಪೂರ್ಣ ಮಾತಿನ ಕಾವಲು ಬದುಕಿದ್ದವರ ಹೊಣೆಯಾಗುತ್ತದೆ.

ಈ ಹೊಣೆ ಬರಿಯ ಪ್ರೇಮಿಗಳದಲ್ಲ. ಆಸ್ತಿ ಹಂಚಿಕೆಯ ಮೊಕದ್ದಮೆಗಳನ್ನು ಬಲ್ಲವರು ಇದನ್ನು ಕೂಡಲೇ ಒಪ್ಪುವರು. ತಂದೆ ಕೊನೆಗಾಲದಲ್ಲಿ ನನ್ನ ಕೈಹಿಡಿದು ಈ ಮನೆಯನ್ನು ಕುರಿತು ಏನನ್ನೋ ಹೇಳಲು ಹೊರಟರು ಎಂದು ಒಬ್ಬ ಮಗ, ಅದು ತಂಗಿಯ ಪಾಲಿನ ವಿಷಯವೇ ಇರಬೇಕೆಂದು ಇನ್ನೊಬ್ಬ, ಇಬ್ಬರೂ ಸುಳ್ಳುಗಾರರಲ್ಲ. ಇಬ್ಬರೂ ತಾವು ಕೇಳಿದ ಅರ್ಧ ಮಾತಿಗೆ ತಮ್ಮ ತಮ್ಮ ಆಸೆಯಿಂದ ಉಳಿದರ್ಧವನ್ನು ಹೊಲಿದಿರುತ್ತಾರೆ, ಹೊಲಿಗೆಯ ಗುರುತು ಕಾಲಕ್ರಮದಲ್ಲಿ ಅವರಿಗೇ ಕಾಣದಂತಾಗಿರುತ್ತದೆ. ಸಂಸ್ಥೆಗಳಲ್ಲಿ, ಸಂಘಗಳಲ್ಲಿ ಕೂಡ ಸ್ಥಾಪಕರು ಇದ್ದಿದ್ದರೆ ಇದನ್ನೇ ಬಯಸುತ್ತಿದ್ದರು ಎಂಬ ವಾದಕ್ಕೆ ಎದುರಾಡುವುದು ಎಷ್ಟು ಕಷ್ಟವೆಂಬುದು ಸಭೆಗಳಲ್ಲಿ ಕುಳಿತವರಿಗೆಲ್ಲ ತಿಳಿದದ್ದೇ. ಸತ್ತವರ ಮೌನದಷ್ಟು ಸುಲಭವಾಗಿ ನಮ್ಮ ಪರವಾಗಿ ಮಾತಾಡುವ ಸಾಕ್ಷಿ ಬೇರೊಂದಿಲ್ಲ.

ಕಂತಿನ ಉಳಿದ ಪಾತ್ರಗಳ ದುಃಖವೂ ವಿಚಾರಣೀಯವಾಗಿದೆ. ಕೇರಿ ಅಂದು ಒಂದು ಹೇಳಿಕೆಯನ್ನು ದಾಖಲಿಸಿಕೊಳ್ಳುವ ಕೆಲಸದಲ್ಲಿರುತ್ತಾನೆ. ಸಾವಿನ ಸುದ್ದಿ ತಿಳಿದ ಮೇಲೆ ಮುಂದೂಡಿಕೆ ಕೇಳಿದರೆ ಎದುರು ವಕೀಲ ಕೊಡುವುದಿಲ್ಲ. ಆಗ ಕೇರಿಯ ದುಃಖ ಕೋಪವಾಗಿ ತಿರುಗಿ ಅವನು ನಿರ್ದಯನಾಗಿ ಪ್ರಶ್ನಿಸತೊಡಗುತ್ತಾನೆ. ವಿಲ್‌ನ ಪಾಲುದಾರಳಾದ ಡಯೇನ್ ಲಾಕ್‌ಹಾರ್ಟ್ ಸಂಸ್ಥೆಯನ್ನು ನಿಲ್ಲಿಸಿ ಹಿಡಿಯಬೇಕಾದ ಕಾರಣ ಅಳುವ ಹಕ್ಕನ್ನೇ ಮುಂದಕ್ಕೆ ಹಾಕುತ್ತಾಳೆ. ಕ್ರಿಸ್ಟೀನ್ ಬರಾನ್ಸ್ಕಿ ಅವರ ಅಭಿನಯ ಇಲ್ಲಿ ಬಹಳ ಮೇಲ್ಮಟ್ಟದ್ದು. ಕಲಿಂದಾಳದು ಮಾತ್ರ ಭಯ ಹುಟ್ಟಿಸುವ ದೃಶ್ಯ. ಆಕೆ ಜೆಫ್ರಿಯನ್ನು ಬಂಧನದಲ್ಲಿ ಭೇಟಿಯಾಗುತ್ತಾಳೆ. ಅವನಿಗೆ ಬದುಕುವ ಆಸೆಯಿಲ್ಲ, ಸಾವನ್ನು ಬೇಡುತ್ತಾನೆ. ಆಕೆ ಸೊಂಟದ ಪಟ್ಟಿಯನ್ನು ತೋರಿಸಿ, ಅವನ ಆಸೆ ಚಿಗುರಿದ ಮೇಲೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಒಂದು ಹೊಡೆತವಿಲ್ಲ, ರಕ್ತವಿಲ್ಲ. ಆದರೂ ಹಿಂದಿನ ಕಂತಿನ ಗುಂಡುಗಳಿಗಿಂತ ಹೆಚ್ಚು ಹಿಂಸೆ ಈ ದೃಶ್ಯದಲ್ಲಿದೆ. ಇದನ್ನು ಬರೆದವರು ನಮ್ಮ ಮೆಚ್ಚುಗೆಗೆಂದು ಇಟ್ಟಿದ್ದಾರೋ ವಿಮರ್ಶೆಗೆಂದು ಇಟ್ಟಿದ್ದಾರೋ ಸ್ಪಷ್ಟವಾಗುವುದಿಲ್ಲ. ಸೇಡಿನ ಸವಿಯನ್ನು ಪ್ರೇಕ್ಷಕನಿಗೆ ಉಣಿಸಿ, ಅದರ ಬೆಲೆಯನ್ನು ಕೇಳದೆ ಬಿಟ್ಟಿರುವುದು ಈ ಕಂತಿನ ದೊಡ್ಡ ದೋಷವೆಂದು ನಾನು ಎಣಿಸುತ್ತೇನೆ.

ಏಕೆಂದರೆ ಜೆಫ್ರಿಯದೂ ಒಂದು ಮುಗಿಯದ ವಾಕ್ಯವೇ. ಅವನ ಮೇಲಿದ್ದ ಮೊದಲ ಆರೋಪದ ವಿಚಾರಣೆ ತೀರ್ಪನ್ನು ಮುಟ್ಟಲಿಲ್ಲ. ಆ ಯುವತಿಯನ್ನು ಕೊಂದವನು ಅವನೇ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುವ ಮೊದಲೇ ಅವನು ಬೇರೊಂದು ಘೋರ ಕೃತ್ಯ ಎಸಗಿದ. ಎರಡನೆಯದು ಮೊದಲನೆಯದಕ್ಕೆ ಉತ್ತರವಾಗಲಾರದು. ಆದರೆ ಕಥೆಯೊಳಗಿನವರೂ, ಕಥೆ ಹೇಳುವವರೂ ಆ ಪ್ರಶ್ನೆಯನ್ನು ಅಲ್ಲಿಗೇ ಬಿಡುತ್ತಾರೆ. ಮತ್ತು ಆ ಯುವತಿ! ನಾಯಕನ ಸಾವಿಗೆ ಒಂದು ಇಡೀ ಕಂತು ಶೋಕವನ್ನು ಮೀಸಲಿಟ್ಟವರು, ಯಾರ ಸಾವಿನಿಂದ ಈ ಸರಣಿ ಮೊದಲಾಯಿತೋ ಆಕೆಗೆ ಅದರಲ್ಲೊಂದು ಮೂಲೆಯನ್ನೂ ಕೊಡಲಿಲ್ಲ. ಮುಖ್ಯ ನಟನ ಸಾವು ಅನರ್ಘ್ಯವೆಂದೂ ಮೊಕದ್ದಮೆಯ ಶವ ಕೇವಲ ಕಡತವೆಂದೂ ಎಣಿಸುವುದು ಈ ಪ್ರಕಾರದ ಹಳೆಯ ವ್ಯಾಧಿ. ಇಷ್ಟು ಸೂಕ್ಷ್ಮವಾದ ಕೃತಿಯೂ ಅದರಿಂದ ಪಾರಾಗಲಿಲ್ಲವೆಂಬುದು ವಿಷಾದಕರ.

ಈ ದೋಷಗಳನ್ನು ಹೇಳಿದ ಮೇಲೂ ಕಂತಿನ ಗೌರವ ಕಡಿಮೆಯಾಗುವುದಿಲ್ಲ. ನೋಡಿದವರಲ್ಲಿ ಹಲವರು ಇದರಿಂದ ತೆಗೆಯುವ ಪಾಠ, ಹೇಳಬೇಕಾದುದನ್ನು ನಾಳೆಗೆ ಇಡಬೇಡ ಎಂಬುದು. ಪಾಠ ಸರಿಯಾದುದೇ. ಅಕ್ಟೋಬರಿನಿಂದ ಮಾರ್ಚಿನವರೆಗೆ ಆ ಇಬ್ಬರಿಗೂ ಮಾತಾಡಲು ಅವಕಾಶಗಳಿದ್ದವು. ಇಬ್ಬರ ಅಭಿಮಾನವೂ ಬಿಡಲಿಲ್ಲ. ಆದರೆ ಕೃತಿ ಮುಟ್ಟುವ ಆಳ ಇದಕ್ಕಿಂತ ಹೆಚ್ಚಿನದು. ಎಷ್ಟೇ ಎಚ್ಚರದಿಂದ ಬಾಳಿದರೂ ಕೆಲವು ಮಾತುಗಳು ಮುಗಿಯದೆ ಉಳಿದೇ ಉಳಿಯುತ್ತವೆ. ಕರೆ ಮಾಡಿದವನನ್ನು ನ್ಯಾಯಾಧೀಶರು ಕರೆಯುತ್ತಾರೆ, ಬರೆಯುತ್ತಿದ್ದವನಿಗೆ ನಿದ್ದೆ ಬರುತ್ತದೆ. ಈಗಂತೂ ಪ್ರತಿಯೊಬ್ಬರ ಕೈಯ ದೂರವಾಣಿಯಲ್ಲಿ ಅಗಲಿದವರ ದನಿಗಳು, ಅರೆಬರೆ ಸಂದೇಶಗಳು ಉಳಿದಿವೆ. ಹೇಳದೆ ಹೋದುದಕ್ಕಾಗಿ ಪಶ್ಚಾತ್ತಾಪಪಡುವುದು ಸುಲಭ. ಹೇಳದೆ ಹೋದವರ ಬಾಯಿಗೆ ನಮ್ಮ ಮಾತನ್ನು ತುರುಕದೆ ಇರುವುದು ಕಷ್ಟ.

ಅಲಿಶಿಯಾಗೆ ಕೊನೆಗೂ ಉತ್ತರ ಸಿಗುವುದಿಲ್ಲ. ಮುಂದಿನ ಕಂತುಗಳಲ್ಲಿ ಯಾವ ಕಾಗದವೂ, ಯಾವ ಸಾಕ್ಷಿಯೂ ಹೊರಬಂದು ಆ ವಾಕ್ಯವನ್ನು ಪೂರ್ಣಗೊಳಿಸುವುದಿಲ್ಲ. ಕೊನೆಯ ಗಳಿಗೆಯ ಸಾಕ್ಷಿಯಿಂದಲೇ ಬದುಕುವ ಒಂದು ಪ್ರಕಾರ ಇಷ್ಟು ದೊಡ್ಡ ಪ್ರಶ್ನೆಯನ್ನು ತೆರೆದೇ ಇಟ್ಟಿರುವುದು ಧೈರ್ಯದ ಕೆಲಸ. ಪ್ರಿವಿ ಕೌನ್ಸಿಲ್ಲಿನ ನ್ಯಾಯಾಧೀಶರು ಮೃತನ ಅರ್ಧ ಮಾತನ್ನು ಪಕ್ಕಕ್ಕೆ ಇಟ್ಟದ್ದು ಅವನ ಮೇಲಿನ ಅನಾದರದಿಂದಲ್ಲ; ಅವನು ಹೇಳದೆ ಇದ್ದುದನ್ನು ಅವನ ಹೆಸರಿಗೆ ಬರೆಯಲು ತಮಗೆ ಅಧಿಕಾರವಿಲ್ಲವೆಂಬ ಸಂಕೋಚದಿಂದ. ಆ ಸಂಕೋಚ ನ್ಯಾಯಪೀಠಕ್ಕೆ ಮಾತ್ರವಲ್ಲ, ಪ್ರೀತಿಗೂ ಭೂಷಣ. ಅಗಲಿದವರು ಬಿಟ್ಟುಹೋದ ಅರ್ಧ ವಾಕ್ಯವನ್ನು ಅರ್ಧವಾಗಿಯೇ ಉಳಿಸಿಕೊಂಡು ಬಾಳುವುದು ಅವರಿಗೆ ನಾವು ಸಲ್ಲಿಸಬಹುದಾದ ಕಡೆಯ ಪ್ರಾಮಾಣಿಕತೆ.